ಗುಜರಿಯವರ ಕೈಗೆ ಸಿಗದ ಹಡಗು

"ಇನ್ನೆಷ್ಟು ವರ್ಷ ಬರ್ತದೆ ಸರ್ ಇದು?"

ಮಂಗಳೂರಿನ ಒಂದು ಯಾರ್ಡಿನಲ್ಲಿ ದಡಕ್ಕೆ ಹತ್ತಿಸಿಟ್ಟಿದ್ದ ಸ್ಟೀಲ್ ಟ್ರಾಲ್ ಬೋಟಿನ ಹೊಟ್ಟೆಗೆ ಸುತ್ತಿಗೆ ಬಡಿಯುತ್ತಾ ಇದ್ದೆ. ಕೇಳಿದವರು ಬೋಟಿನ ಮಾಲೀಕರು. ಒಳ್ಳೆ ತಗಡು ಗಂಟೆಯ ಹಾಗೆ ಕೇಳಿಸುತ್ತದೆ, ಸವೆದದ್ದು ಎಣ್ಣೆ ಡಬ್ಬದ ಹಾಗೆ. ಈಗ ದಪ್ಪ ಅಳೆಯಲು ಅಲ್ಟ್ರಾಸೋನಿಕ್ ಗೇಜ್ ಇದೆ. ಆದರೂ ಸರ್ವೇ ಮಾಡುವವನ ಕೈ ಮೊದಲು ಹೋಗುವುದು ಸುತ್ತಿಗೆಗೇ.

"ತಗಡು ಇನ್ನೂ ಎಂಟು ಹತ್ತು ವರ್ಷ ಬರ್ತದೆ. ಡೀಸೆಲ್ ಲೆಕ್ಕ ನಿಮಗೇ ಗೊತ್ತುಂಟಲ್ಲ" ಅಂದೆ. ಅವರು ನಗಲಿಲ್ಲ.

ಮೀನು ಹಿಡಿಯುವ ಹಡಗಿನ ಆಯುಷ್ಯ ತುಕ್ಕಿನಿಂದ ಮುಗಿಯುವುದು ಕಡಿಮೆ. ಇಂಧನದ ಬಿಲ್ಲು ಅದಕ್ಕೆ ಮೊದಲೇ ಬಂದು ಕೆಲಸ ಮುಗಿಸುತ್ತದೆ. ಈ ಮಾತಿಗೆ ಇಂಗ್ಲೆಂಡಿನ ಸ್ಟೀಮ್ ಟ್ರಾಲರುಗಳಿಗಿಂತ, ಅಂದರೆ ಹಬೆಯ ಬಲದಲ್ಲಿ ಸಮುದ್ರದ ತಳದ ಮೇಲೆ ಬಲೆ ಎಳೆಯುವ ಹಡಗುಗಳಿಗಿಂತ, ದೊಡ್ಡ ಸಾಕ್ಷಿ ನನಗೆ ಸಿಕ್ಕಿಲ್ಲ. ಸುಮಾರು 80 ವರ್ಷ ದುಡಿದ ಒಂದು ಇಡೀ ಜಾತಿಯ ಹಡಗುಗಳು ಅವು. ಸಾವಿರಾರು ಇದ್ದವು. ಇವತ್ತು ಹುಡುಕಿದರೆ ಕೈಬೆರಳಲ್ಲಿ ಎಣಿಸುವಷ್ಟೂ ಇಲ್ಲ.

ಶುರುವಾದದ್ದು ಒಂಥರಾ ಬದಲಿ ಕಸುಬಾಗಿ. 1877ರಲ್ಲಿ ಇಂಗ್ಲೆಂಡಿನ ಈಶಾನ್ಯ ತೀರದ ನಾರ್ತ್ ಶೀಲ್ಡ್ಸ್‌ನಲ್ಲಿ ವಿಲಿಯಂ ಪರ್ಡಿ ಎಂಬಾತ 'ಮೆಸೆಂಜರ್' ಅನ್ನುವ ಟಗ್ಗಿಗೆ ಬಲೆ ಕಟ್ಟಿ ನೋಡಿದ. ಬೇರೆ ಹಡಗುಗಳನ್ನು ಎಳೆಯುವುದು ಅದರ ಕೆಲಸ, ಆಗ ಆ ಕೆಲಸ ಕಡಿಮೆಯಾಗಿತ್ತು. ಬಲೆಯಲ್ಲಿ ಲಾಭ ಕಂಡಿತು. ನಾಲ್ಕೇ ವರ್ಷದಲ್ಲಿ, 1881ರಲ್ಲಿ, ಗ್ರಿಮ್ಸ್‌ಬಿ ಬಂದರಿನ ಕಂಪನಿಯೊಂದಕ್ಕೆ 'ಝೋಡಿಯಾಕ್' ತಯಾರಾಯಿತು. ಟ್ರಾಲ್ ಎಳೆಯುವುದಕ್ಕೆಂದೇ ಇಂಗ್ಲೆಂಡಿನಲ್ಲಿ ಕಟ್ಟಿದ ಮೊದಲ ಸ್ಟೀಮ್ ಹಡಗು ಅದು.

ಆಗ ಬಲೆಯ ಬಾಯಿ ತೆರೆದಿಡಲು ಅಡ್ಡಕ್ಕೆ ಒಂದು ಉದ್ದದ ಮರದ ತೊಲೆ ಇರುತ್ತಿತ್ತು. 1890ರ ದಶಕದಲ್ಲಿ ತೊಲೆ ಹೋಯಿತು, ಎರಡು ಪಕ್ಕಕ್ಕೆ ಎರಡು ಹಲಗೆ ಬಂದವು. ನೀರು ಆ ಹಲಗೆಗಳನ್ನು ಹೊರಕ್ಕೆ ನೂಕುತ್ತದೆ, ಬಲೆಯ ಬಾಯಿ ತಾನಾಗಿ ಅಗಲ ಆಗುತ್ತದೆ. ನಮ್ಮ ಕರಾವಳಿಯ ಬೋಟುಗಳ ಹಿಂಭಾಗದಲ್ಲಿ ಆಚೆಗೊಂದು ಈಚೆಗೊಂದು ನೇತಾಡುವ 'ಬೋರ್ಡ್' ಇದೆಯಲ್ಲ, ಅದೇ. ಆಗಿನಿಂದ ಈಗಿನವರೆಗೆ ಆ ಉಪಾಯ ಬದಲಾಗಿಲ್ಲ. ತೊಲೆಯ ಉದ್ದ ಹಡಗಿನ ಉದ್ದಕ್ಕೆ ಕಟ್ಟುಬಿದ್ದಿತ್ತು, ಹಲಗೆಗೆ ಆ ಹಂಗಿಲ್ಲ. ಎಷ್ಟು ಎಳೆತ ಇದೆಯೋ ಅಷ್ಟು ದೊಡ್ಡ ಬಲೆ.

ಆ ಎಳೆತಕ್ಕೆ ಸ್ಟೀಮ್ ಎಂಜಿನ್ ಹೇಳಿ ಮಾಡಿಸಿದ ಹಾಗಿತ್ತು. ಬಾಯ್ಲರಿನಿಂದ ಬಂದ ಹಬೆ ಮೊದಲು ಚಿಕ್ಕ ಸಿಲಿಂಡರಿಗೆ ಹೋಗುತ್ತದೆ. ಅಲ್ಲಿ ಹಿಗ್ಗಿ ನಡುವಿನದಕ್ಕೆ, ಅಲ್ಲಿಂದ ದೊಡ್ಡದಕ್ಕೆ. ಒಂದೇ ಹಬೆ ಮೂರು ಮನೆಯಲ್ಲಿ ದುಡಿದು, ಕಂಡೆನ್ಸರಿನಲ್ಲಿ ತಣ್ಣಗೆ ನೀರಾಗಿ, ಮತ್ತೆ ಬಾಯ್ಲರಿಗೆ ವಾಪಸ್. ನಡುವೆ ಗೇರ್ ಬಾಕ್ಸ್ ಇಲ್ಲ. ಎಂಜಿನ್ ತಿರುಗಿದಷ್ಟೇ ಪ್ರೊಪೆಲ್ಲರ್ ತಿರುಗುತ್ತದೆ, ನಿಧಾನಕ್ಕೆ, ಆದರೆ ಗಟ್ಟಿಯಾಗಿ.

ಬಲೆ ಸಮುದ್ರದ ತಳದಲ್ಲಿ ಬಂಡೆಗೋ ಮುಳುಗಿದ ಹಡಗಿಗೋ ಸಿಕ್ಕಿಕೊಳ್ಳುತ್ತದೆ ಅಂತಿಟ್ಟುಕೊಳ್ಳಿ. ಡೀಸೆಲ್ ಎಂಜಿನ್ ಆದರೆ ಕೆಮ್ಮಿ ನಿಲ್ಲುತ್ತದೆ, ಇಲ್ಲವೇ ಗೇರಿಗೆ ಪೆಟ್ಟು. ಸ್ಟೀಮ್ ಎಂಜಿನ್ ಸುಮ್ನೆ ನಿಧಾನ ಆಗುತ್ತದೆ. ನಿಂತೇ ಹೋದರೂ ಅದಕ್ಕೇನೂ ಆಗುವುದಿಲ್ಲ. ಹಬೆ ಇರುವವರೆಗೆ ತಳ್ಳುತ್ತಲೇ ಇರುತ್ತದೆ, ಹಟಮಾರಿ ಕೋಣದ ಹಾಗೆ. ಬಲೆ ಎತ್ತುವ ವಿಂಚಿಗೂ ಅದೇ ಬಾಯ್ಲರಿನ ಹಬೆ. ದೂರದ ಸಮುದ್ರಕ್ಕೆ ಹೋಗುವ ಹಡಗುಗಳಲ್ಲಿ 'ಕಾಡ್' ಮೀನಿನ ಲಿವರ್ ಬೇಯಿಸಿ ಎಣ್ಣೆ ತೆಗೆಯಲಿಕ್ಕೂ ಹಬೆಯೇ. ಚಿಕ್ಕಂದಿನಲ್ಲಿ ಮೂಗು ಹಿಡಿದು ಬಾಯಿಗೆ ಹಾಕಿಸಿಕೊಂಡ ಕಾಡ್ ಲಿವರ್ ಆಯಿಲ್ ನೆನಪಿದೆಯಲ್ವಾ? ಲಿವರಿನ ಮಾರಾಟದಲ್ಲಿ ಕೆಲಸಗಾರರಿಗೂ ಪಾಲಿತ್ತು.

ಹಾಗಾದರೆ ತೊಂದರೆ ಎಲ್ಲಿ? ಬಾಯ್ಲರಿನಲ್ಲಿ. ತಣ್ಣಗಿರುವ ಬಾಯ್ಲರಿಗೆ ಹಬೆ ಏರಿಸಲು ಒಂದು ದಿನ ಬೇಕು. ಅವಸರ ಮಾಡಿ ಬೆಂಕಿ ಜಾಸ್ತಿ ಹಾಕಿದರೆ ಟ್ಯೂಬಿನ ಸಂದುಗಳು ಸೋರುತ್ತವೆ. ಸಮುದ್ರದ ನೀರು ಒಳಗೆ ಸೇರಿತೋ, ಉಪ್ಪು ಕಟ್ಟಿಕೊಳ್ಳುತ್ತದೆ. ನಾನು ಹಡಗಿನಲ್ಲಿ ಜೂನಿಯರ್ ಎಂಜಿನಿಯರ್ ಆಗಿದ್ದಾಗ ಬಂದರು ಬಂದಾಗೆಲ್ಲ ಒಂದು ಚಿಕ್ಕ ಬಾಯ್ಲರಿನ ಹೊಟ್ಟೆಯೊಳಗೆ ನುಸುಳಿ ಆ ಉಪ್ಪಿನ ಹಕ್ಕಳೆ ಕೆರೆದವನು. ಹೊರಗೆ ಬಂದಾಗ ಮುಖ ಗುರುತು ಸಿಗುತ್ತಿರಲಿಲ್ಲ. ಅದೂ ಹಡಗು ಕಟ್ಟೆಗೆ ನಿಂತಿದ್ದಾಗ. ಉತ್ತರ ಸಮುದ್ರದಲ್ಲಿ ಹೊಯ್ದಾಡುವ ನೂರಡಿಯ ಟ್ರಾಲರಿನಲ್ಲಿ ಹಗಲೂ ರಾತ್ರಿ ಒಲೆಗೆ ಕಲ್ಲಿದ್ದಲು ಎಸೆದವರನ್ನು ನೆನೆದರೆ ನನ್ನದು ಏನೂ ಅಲ್ಲ. ಹಡಗು ಈ ಕಡೆ ವಾಲಿದಾಗ ಒಲೆಯ ಬಾಯಿ ಮೇಲೆ, ಆ ಕಡೆ ವಾಲಿದಾಗ ಕೆಳಗೆ. ಆ ತಾಳಕ್ಕೆ ಸರಿಯಾಗಿ ಸಲಿಕೆ ಬೀಸಬೇಕು.

ಕಲ್ಲಿದ್ದಲು ಜಾಗವನ್ನೂ ತಿನ್ನುತ್ತಿತ್ತು. ಐಸ್‌ಲ್ಯಾಂಡ್ ಕಡೆಗೋ ಬೇರೆಂಟ್ಸ್ ಸಮುದ್ರಕ್ಕೋ ಹೋಗುವ ಹಡಗುಗಳು ಮೀನು ತುಂಬುವ ಕೋಣೆಯ ಒಂದು ಭಾಗದಲ್ಲೂ ಕಲ್ಲಿದ್ದಲು ತುಂಬಿಕೊಂಡು ಹೊರಡುತ್ತಿದ್ದವು. ಹೋಗುವ ದಾರಿಯಲ್ಲೇ ಅದನ್ನು ಉರಿಸಿ, ಖಾಲಿಯಾದ ಜಾಗವನ್ನು ತೊಳೆದು, ಅಲ್ಲಿ ಐಸು, ಮೀನು. ನಮ್ಮ ಬೋಟಿನ ಹುಡುಗರಿಗೆ ಇದನ್ನು ಹೇಳಿದರೆ "ಮೀನು ಕಪ್ಪಾಗ್ಲಿಕ್ಕಿಲ್ವಾ?" ಅಂತ ಕೇಳುತ್ತಾರೆ. ಮೀನು ಸರಿ, ತೊಳೆದವರು ಕಪ್ಪಾಗಿರುತ್ತಿದ್ದರು.

ಈಗ ಒಂದು ಹಡಗಿನ ಬೆನ್ನು ಹತ್ತೋಣ. ಹೆಸರು 'ವಯೋಲಾ'. 1906ರಲ್ಲಿ ಇಂಗ್ಲೆಂಡಿನ ಬೆವರ್ಲಿ ಎಂಬ ಊರಿನಲ್ಲಿ ಕಟ್ಟಿದ್ದು. ಹಲ್ ಬಂದರಿನ ಹೆಲ್ಯರ್ ಕಂಪನಿಯದು. ಆ ಮಾಲೀಕರು ತಮ್ಮ ಹಡಗುಗಳಿಗೆ ಶೇಕ್ಸ್‌ಪಿಯರ್ ನಾಟಕದ ಪಾತ್ರಗಳ ಹೆಸರಿಡುತ್ತಿದ್ದರು. ವಯೋಲಾ ಕೂಡ ಹಾಗೆ ಬಂದ ಹೆಸರು. ಮೀನಿನ ವಾಸನೆಯ ನಡುವೆ ಇಂಥ ಶೋಕಿ ಯಾರಿಗೆ ಹೊಳೆಯಿತೋ, ನನಗೆ ಅವರ ಮೇಲೆ ಸ್ವಲ್ಪ ಪ್ರೀತಿ.

ಹಲ್‌ನವರದು ಪೆಟ್ಟಿಗೆ ಲೆಕ್ಕದ ಮೀನುಗಾರಿಕೆ. ಹತ್ತಾರು ಟ್ರಾಲರುಗಳು ಗುಂಪಾಗಿ ಉತ್ತರ ಸಮುದ್ರದಲ್ಲಿ ವಾರಗಟ್ಟಲೆ ಇರುತ್ತವೆ. ಹಿಡಿದ ಮೀನನ್ನು ಪೆಟ್ಟಿಗೆಗೆ ತುಂಬಿ, ಹುಟ್ಟು ಹಾಕುವ ಸಣ್ಣ ದೋಣಿಯಲ್ಲಿಟ್ಟು, ಕಾಯುತ್ತಿರುವ ಸಾಗಣೆ ಹಡಗಿಗೆ ಮುಟ್ಟಿಸಬೇಕು. ಆ ಹಡಗು ಲಂಡನ್ ಮಾರುಕಟ್ಟೆಗೆ ಓಡುತ್ತದೆ. ಟ್ರಾಲರುಗಳು ಅಲ್ಲೇ ಬಲೆ ಎಳೆಯುತ್ತಿರುತ್ತವೆ. ಮಾಲೀಕನಿಗೆ ಭಾರೀ ಲಾಭ, ಹಡಗು ಕಲ್ಲಿದ್ದಲು ಸುಟ್ಟುಕೊಂಡು ಹೋಗಿ ಬರುವುದು ತಪ್ಪಿತಲ್ಲ. ದೋಣಿಯಲ್ಲಿ ಪೆಟ್ಟಿಗೆ ಸಾಗಿಸುವವರ ಪಾಡು ಬೇರೆ. ಚಳಿಗಾಲದ ಅಲೆಯಲ್ಲಿ ದೋಣಿ ಮಗುಚಿ ಸತ್ತವರು ತುಂಬಾ ಜನ.

ಇಂಥದೇ ಒಂದು ಗುಂಪಿನ ಮೇಲೆ 1904ರ ಅಕ್ಟೋಬರಿನ ಒಂದು ರಾತ್ರಿ ರಷ್ಯಾದ ಯುದ್ಧನೌಕೆಗಳು ಗುಂಡು ಹಾರಿಸಿದವು, ಜಾಗ ಉತ್ತರ ಸಮುದ್ರದಲ್ಲಿ ನೀರಿನ ಆಳ ಕಡಿಮೆ ಇರುವ ಡಾಗರ್ ಬ್ಯಾಂಕ್. ಜಪಾನಿನ ಜೊತೆ ಯುದ್ಧಕ್ಕೆ ಹೊರಟಿದ್ದ ನೌಕಾಪಡೆ ಅದು. ಮೀನಿನ ಹಡಗುಗಳನ್ನು ಜಪಾನಿನ ಟಾರ್ಪಿಡೊ ದೋಣಿ ಅಂದುಕೊಂಡಿತಂತೆ! 'ಕ್ರೇನ್' ಎಂಬ ಟ್ರಾಲರ್ ಮುಳುಗಿತು, ಜನ ಸತ್ತರು, ಕಡೆಗೆ ರಷ್ಯಾ 66,000 ಪೌಂಡ್ ಪರಿಹಾರ ಕೊಟ್ಟಿತು. ಹಲ್‌ನ ಹೆಸಲ್ ರಸ್ತೆಯಲ್ಲಿ ಈಗಲೂ ಅದರ ನೆನಪಿನ ಪ್ರತಿಮೆ ಇದೆ.

ಹತ್ತು ವರ್ಷ ಕಳೆಯುವಷ್ಟರಲ್ಲಿ ಯುದ್ಧಕ್ಕೆ ಟ್ರಾಲರುಗಳೇ ಬೇಕಾದವು. ಸಮುದ್ರದಲ್ಲಿ ಹುದುಗಿಸಿದ ಮೈನ್‌ಗಳನ್ನು, ಅಂದರೆ ಹಡಗು ಸಿಡಿಸುವ ಬಾಂಬುಗಳನ್ನು, ಕಟ್ಟಿದ ಹಗ್ಗವನ್ನು ತಂತಿ ಎಳೆದು ಕತ್ತರಿಸಬೇಕು. ತಂತಿ, ವಿಂಚು, ಎಳೆತ, ಇವೆಲ್ಲ ಟ್ರಾಲರಿನಲ್ಲಿ ಮೊದಲೇ ಇದ್ದವು. ಕೆಟ್ಟ ಹವೆಯಲ್ಲೂ ಸಮುದ್ರದಲ್ಲೇ ಇರುವ ಅಭ್ಯಾಸದ ಜನವೂ ಇದ್ದರು. ವಯೋಲಾ ಕೂಡ 1914ರಲ್ಲಿ ಸರ್ಕಾರದ ಕೈಗೆ ಹೋಯಿತು, ಫಿರಂಗಿ ಹೊತ್ತಿತು, ಜಲಾಂತರ್ಗಾಮಿಗಳನ್ನು ಬೇಟೆಯಾಡಿತು. ಇದ್ದ ಹಡಗು ಸಾಲದೆ ಬ್ರಿಟಿಷ್ ನೌಕಾ ಇಲಾಖೆ ಮೂರು ಮಾದರಿಯಲ್ಲಿ ನೂರಾರು ಹೊಸ ಟ್ರಾಲರುಗಳನ್ನು ಕಟ್ಟಿಸಿತು: ಮರ್ಸಿ, ಕ್ಯಾಸಲ್, ಸ್ಟ್ರಾತ್. ಅಷ್ಟೊಂದಕ್ಕೆ ಹೆಸರು ಎಲ್ಲಿಂದ ತರುವುದು? 1805ರ ಟ್ರಫಾಲ್ಗರ್ ಕಾಳಗದಲ್ಲಿದ್ದ ಹಡಗುಗಳ ಹಾಜರಿ ಪುಸ್ತಕ ತೆಗೆದು ಸಾಮಾನ್ಯ ನಾವಿಕರ ಹೆಸರುಗಳನ್ನೇ ಇಟ್ಟರು. ಯುದ್ಧ ಮುಗಿದ ಮೇಲೆ ಇವು ಮೀನುಗಾರಿಕೆಗೆ ಮಾರಾಟ ಆದವು.

ಮೀನು ಹತ್ತಿರದಲ್ಲಿ ಕಡಿಮೆ ಆದಂತೆ ಹಡಗುಗಳು ಉತ್ತರಕ್ಕೆ, ಇನ್ನೂ ಉತ್ತರಕ್ಕೆ ಹೋದವು. ಮೂರು ವಾರದ ಪಯಣ, ಮನೆಯಲ್ಲಿ ಎರಡು ಮೂರು ದಿನ, ಮತ್ತೆ ಹೊರಡುವುದು. ಅಲ್ಲಿ ಶತ್ರು ಐಸು. ಅಲೆಯ ತುಂತುರು ಹಗ್ಗ, ಕಂಬ, ಕಟಕಟೆಗಳ ಮೇಲೆ ಬಿದ್ದಲ್ಲೇ ಹೆಪ್ಪುಗಟ್ಟುತ್ತದೆ. ಬೆರಳು ದಪ್ಪದ ಹಗ್ಗ ತೊಡೆ ದಪ್ಪ ಆಗುತ್ತದೆ. ಭಾರ ಏರುವುದು ಮೇಲ್ಗಡೆ, ಅದೇ ಅಪಾಯ. ಹಡಗು ವಾಲಿದ ಮೇಲೆ ನೆಟ್ಟಗಾಗಲು ಹೊತ್ತು ತೆಗೆದುಕೊಳ್ಳಲು ಶುರು ಮಾಡಿತು ಅಂದರೆ ನಮ್ಮ ಕಸುಬಿನಲ್ಲಿ ಅದಕ್ಕಿಂತ ಕೆಟ್ಟ ಲಕ್ಷಣ ಇನ್ನೊಂದಿಲ್ಲ. ಜನ ಕೊಡಲಿ ಹಿಡಿದು ಐಸು ಕಡಿಯುತ್ತಿದ್ದರು. 1955ರ ಜನವರಿ 26ರಂದು ಐಸ್‌ಲ್ಯಾಂಡಿನ ಉತ್ತರಕ್ಕೆ 'ಲೊರೆಲ್ಲಾ' ಮತ್ತು 'ರೊಡೆರಿಗೊ' ಎಂಬ ಹಲ್‌ನ ಎರಡು ಟ್ರಾಲರುಗಳು ಒಂದೇ ದಿನ ಹೀಗೆ ಮಗುಚಿದವು. 40 ಜನ ಹೋದರು. ಅವೇನೂ ಹಳೇ ಹಡಗಲ್ಲ, ಎರಡನೇ ಮಹಾಯುದ್ಧದ ನಂತರ ಕಟ್ಟಿದವು.

ಆ ಹೊತ್ತಿಗೆ ಸ್ಟೀಮ್ ಕಾಲವೇ ಮುಗಿಯುತ್ತಾ ಬಂದಿತ್ತು. ಮೊದಲು ಕಲ್ಲಿದ್ದಲು ಬಿಟ್ಟು ಎಣ್ಣೆ ಉರಿಸಿ ನೋಡಿದರು. ಒಲೆಗೆ ಸಲಿಕೆ ಹಾಕುವವರ ಸಂಬಳ ಉಳಿಯಿತು, ಆದರೆ ಬಾಯ್ಲರ್ ಬಾಯ್ಲರೇ. ಅದೇ ಎಣ್ಣೆಯನ್ನು ನೇರ ಡೀಸೆಲ್ ಎಂಜಿನ್ನಿಗೆ ಹಾಕಿದರೆ ಅರ್ಧದಷ್ಟೂ ಖರ್ಚಾಗುವುದಿಲ್ಲ. 1954ರಲ್ಲಿ 'ಫೇರ್‌ಟ್ರೈ' ಬಂತು. ಡೀಸೆಲ್ ಹಡಗು. ಬಲೆಯನ್ನು ಪಕ್ಕದಿಂದ ಎತ್ತುವ ಬದಲು ಹಿಂದಿನಿಂದ ಎಳೆದುಕೊಳ್ಳುತ್ತದೆ, ಒಳಗೇ ಮೀನು ಕೊಯ್ದು ಫ್ರೀಜ್ ಮಾಡುತ್ತದೆ. ಆಮೇಲೆ ಐಸ್‌ಲ್ಯಾಂಡ್ ತನ್ನ ಮೀನಿನ ಗಡಿಯನ್ನು ಹಂತಹಂತವಾಗಿ ವಿಸ್ತರಿಸಿ 1975ರಲ್ಲಿ 200 ಮೈಲಿಗೆ ಒಯ್ದಿತು. ಆ ಜಗಳಕ್ಕೆ 'ಕಾಡ್ ಯುದ್ಧ' ಅಂತಲೇ ಹೆಸರು. ಅಷ್ಟರಲ್ಲಿ ಸ್ಟೀಮ್ ಟ್ರಾಲರುಗಳು ಸಾಲಾಗಿ ಗುಜರಿಗೆ ಹೋಗಿದ್ದವು. ತಗಡು ಗಟ್ಟಿ ಇದ್ದವೂ ಹೋದವು. ಇವತ್ತು ಹಲ್‌ನವರು ಜೋಪಾನ ಮಾಡಿರುವ 'ಆರ್ಕ್ಟಿಕ್ ಕೋರ್ಸೇರ್', ಗ್ರಿಮ್ಸ್‌ಬಿಯ 'ರಾಸ್ ಟೈಗರ್' ಎರಡೂ ಡೀಸೆಲ್ ಹಡಗುಗಳೇ.

ನಮ್ಮ ದೇಶದಲ್ಲೂ ಸ್ಟೀಮ್ ಟ್ರಾಲರ್ ಓಡಿಸಿ ನೋಡಿದ್ದುಂಟು. 1908-09ರಲ್ಲಿ ಬಂಗಾಳ ಕೊಲ್ಲಿಯಲ್ಲಿ 'ಗೋಲ್ಡನ್ ಕ್ರೌನ್', 1921-22ರಲ್ಲಿ ಬೊಂಬಾಯಿ ಕಡೆ 'ವಿಲಿಯಂ ಕ್ಯಾರಿಕ್', ಆಮೇಲೆ ಮದರಾಸಿನಲ್ಲಿ 'ಲೇಡಿ ಗೋಶೆನ್'. ಎಲ್ಲಿ ಎಂಥ ಮೀನಿದೆ ಅನ್ನುವ ಸರ್ವೇ ಆಯಿತು, ದಂಧೆಯಾಗಿ ನೆಲೆ ನಿಲ್ಲಲಿಲ್ಲ. ನಮ್ಮ ಕರಾವಳಿಯ ಮೀನುಗಾರರು ಹಬೆಯ ಕಾಲವನ್ನು ಪೂರ್ತಿ ದಾಟಿ, ಹಾಯಿ ಹುಟ್ಟುಗಳಿಂದ ನೇರ ಡೀಸೆಲ್ಲಿಗೆ ಬಂದವರು. ಬಾಯ್ಲರ್ ಕೆರೆಯುವ ಕೆಲಸ ತಪ್ಪಿತು.

ಇತ್ತ ವಯೋಲಾ ಎಲ್ಲಿ ಹೋಯಿತು? ಯುದ್ಧದ ನಂತರ ನಾರ್ವೆಗೆ ಮಾರಾಟ. ಹೆಸರು ಬದಲಾಗಿ ಕಡೆಗೆ 'ಡಯಾಸ್' ಅಂತ ನಿಂತಿತು. ತಿಮಿಂಗಿಲ ಬೇಟೆಗೆ ಇಳಿಯಿತು. 1927ರಲ್ಲಿ ಅರ್ಜೆಂಟೀನಾದ ಕಂಪನಿಯೊಂದು ಕೊಂಡು ದಕ್ಷಿಣ ಅಟ್ಲಾಂಟಿಕ್ಕಿನ ಸೌತ್ ಜಾರ್ಜಿಯಾ ದ್ವೀಪಕ್ಕೆ ಒಯ್ದಿತು. ಗ್ರಿಟ್ವಿಕೆನ್ ಎಂಬ ತಿಮಿಂಗಿಲದ ಕಾರ್ಖಾನೆಯಿದ್ದ ಜಾಗ. ಅಲ್ಲಿ ಅದರ ಕೆಲಸ ಎಲಿಫೆಂಟ್ ಸೀಲ್ ಎಂಬ ದೊಡ್ಡ ಸಮುದ್ರ ಪ್ರಾಣಿಯ ಬೇಟೆ, ಎಣ್ಣೆಗಾಗಿ. ನಡುನಡುವೆ ಸಂಶೋಧಕರ ತಂಡಗಳನ್ನು, ಹವಾಮಾನ ಕೇಂದ್ರಕ್ಕೆ ಸಾಮಾನುಗಳನ್ನು ಸಾಗಿಸಿತು. 1960ರ ದಶಕದ ನಡುವೆ ಕಾರ್ಖಾನೆ ಮುಚ್ಚಿತು. ಡಯಾಸ್‌ಅನ್ನು ಅಲ್ಲೇ ಕಟ್ಟಿಹಾಕಿ ಜನ ಊರಿಗೆ ಹೋದರು. 1974ರಲ್ಲಿ ಕಟ್ಟಿದಲ್ಲೇ ಮುಳುಗಿತು.

ಇದೇ ಹಡಗು ಹಲ್‌ನಲ್ಲೋ ಬ್ಯೂನಸ್ ಐರಿಸ್‌ನಲ್ಲೋ ಇದ್ದಿದ್ದರೆ ಒಂದು ವಾರದಲ್ಲಿ ಗ್ಯಾಸ್ ಕಟರ್ ಬರುತ್ತಿತ್ತು. ಸೌತ್ ಜಾರ್ಜಿಯಾದಿಂದ ಹಳೇ ಕಬ್ಬಿಣ ಸಾಗಿಸುವ ಬಾಡಿಗೆ ಕಬ್ಬಿಣದ ಬೆಲೆಗಿಂತ ಜಾಸ್ತಿ. ಯಾರೋ ಪ್ರೀತಿಯಿಂದ ಉಳಿಸಿದ್ದಲ್ಲ ಇದು, ಗಿಟ್ಟಲಿಲ್ಲ ಅಷ್ಟೇ. ಆ ದ್ವೀಪಕ್ಕೆ ಗುಜರಿಯವರು ಬರಲೇ ಇಲ್ಲ ಅಂತಲ್ಲ. 1982ರ ಮಾರ್ಚಿನಲ್ಲಿ ಅರ್ಜೆಂಟೀನಾದ ಗುಜರಿ ಕೆಲಸಗಾರರು ಅದೇ ದ್ವೀಪದ ಲೀತ್ ಬಂದರಿಗೆ ಇಳಿದು ತಮ್ಮ ದೇಶದ ಬಾವುಟ ಏರಿಸಿದರು. ದ್ವೀಪ ಬ್ರಿಟನ್ನಿನ ಕೈಯಲ್ಲಿತ್ತು, ಅಲ್ಲಿಂದ ಹೊತ್ತಿಕೊಂಡ ಕಿಡಿ ಎರಡು ದೇಶಗಳ ನಡುವಿನ ಫಾಕ್‌ಲ್ಯಾಂಡ್ ಯುದ್ಧದವರೆಗೆ ಹೋಯಿತು. ಕಬ್ಬಿಣ ಅಲ್ಲೇ ಉಳಿಯಿತು.

2004ರಲ್ಲಿ ಡಯಾಸ್‌ಅನ್ನು ನೀರಿನಿಂದ ಎತ್ತಿ ದಡಕ್ಕೆ ತಂದು ನಿಲ್ಲಿಸಿದರು. ಒಳಗೆ ಆ ಮೂರು ಸಿಲಿಂಡರಿನ ಎಂಜಿನ್ ಹಾಗೇ ಇದೆ. ಎಂಜಿನ್ ಸಮೇತ ಉಳಿದ ಸ್ಟೀಮ್ ಟ್ರಾಲರುಗಳಲ್ಲಿ ಇದೇ ಅತಿ ಹಳೆಯದು ಅನ್ನುತ್ತಾರೆ. ಅದರ ಗಂಟೆ ನಾರ್ವೆಯ ಒಂದು ತೋಟದ ಮನೆಯಲ್ಲಿ ಪತ್ತೆಯಾಗಿ ಹಲ್‌ಗೆ ವಾಪಸ್ ಬಂತು. ಹಡಗನ್ನೂ ತರಬೇಕು ಅಂತ ಅಲ್ಲಿನವರು ಹಣ ಕೂಡಿಸುವ ಪ್ರಯತ್ನದಲ್ಲಿದ್ದಾರೆ. ತೇಲಿಸಿಕೊಂಡು ತರುವುದು ಆಗದ ಮಾತು. ಇನ್ನೊಂದು ಹಡಗಿನ ಮೇಲೆ ಹೊತ್ತು ತರಬೇಕು.

ಆ ಹಡಗಿನ ಫೋಟೊ ನನ್ನ ಫೋನಿನಲ್ಲಿದೆ. ಕೆಂಪು ತುಕ್ಕು, ಹಿಂದೆ ಹಿಮದ ಬೆಟ್ಟ. ಸರ್ವೇಗೆ ನನ್ನನ್ನು ಕರೆಯುವವರು ಯಾರೂ ಇಲ್ಲ, ಆದರೂ ಎಲ್ಲಿಂದ ಶುರು ಮಾಡಬೇಕು ಅಂತ ಯೋಚಿಸಿದ್ದೇನೆ. ಬಾಯ್ಲರಿನ ಕೆಳಗಿನ ತಗಡಿನಿಂದ. ಬಿಸಿ, ತೇವ, ಕಲ್ಲಿದ್ದಲ ಬೂದಿ ಮೂರೂ ಸೇರಿ ತಿನ್ನುವ ಜಾಗ ಅದು, ಕೈ ಹೋಗುವುದೇ ಕಷ್ಟ. ಮೊನ್ನೆ ಆ ಮಂಗಳೂರಿನ ಮಾಲೀಕರಿಗೆ ಫೋಟೊ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಟನ್ನಿಗೆ ಎಷ್ಟು ಕೊಡ್ತಾರಂತೆ ಸರ್ ಅಲ್ಲಿ?" ಅಂದರು.