ಪ್ಯಾಕೇಜ್ ಇದೆ ಸರಿ, ಯಾವ ಆವೃತ್ತಿಯದು?

ಮಂಜೇಶ್ವರ, ಕುಂಬಳೆ, ಬದಿಯಡ್ಕದ ಶಾಲೆಗಳಲ್ಲಿ ಓದಿದ ಈಚಿನ ತಲೆಮಾರಿಗೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆ ಹೊಸದಲ್ಲ. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆಯೂ ಅದರ ಮುಂದುವರಿಕೆಯಾದ ಕೈಟ್ ಸಂಸ್ಥೆಯೂ ಶಾಲಾ ಕಂಪ್ಯೂಟರುಗಳಿಗೆ ಅದನ್ನೇ ಒದಗಿಸಿವೆ. ಆದರೆ ಲ್ಯಾಬಿನ ಹತ್ತಾರು ಯಂತ್ರಗಳಿಗೆ ಒಂದೊಂದಾಗಿ ಪ್ಯಾಕೇಜ್, ಅಂದರೆ ಸ್ಥಾಪಿಸಲು ಸಿದ್ಧವಾದ ತಂತ್ರಾಂಶದ ಕಟ್ಟು, ಹಾಕಿ ಕಲಿತವರು ಮುಂದೆ ಮಂಗಳೂರಿನಲ್ಲೋ ಕೊಚ್ಚಿಯಲ್ಲೋ ನೂರಾರು ಸರ್ವರುಗಳ ಹೊಣೆ ಹೊತ್ತಾಗ, ಯಾವ ಯಂತ್ರದಲ್ಲಿ ಯಾವ ಆವೃತ್ತಿ ಇದೆ ಎಂಬುದೇ ದೊಡ್ಡ ಪ್ರಶ್ನೆಯಾಗುತ್ತದೆ.

ತಂತ್ರಾಂಶದ ಮೂಲ ಸಂಕೇತವನ್ನು ತಂದು ಪ್ರತಿ ಯಂತ್ರದಲ್ಲೂ ಕಂಪೈಲ್ ಮಾಡುವ (ಓಡಬಲ್ಲ ರೂಪಕ್ಕೆ ತರುವ) ಕಾಟ 1990ರ ದಶಕದಲ್ಲಿ ಕಡಿಮೆಯಾಯಿತು. 1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಲಿನಕ್ಸ್ ವಿತರಣೆ ಪ್ಯಾಕೇಜ್ ಸ್ಥಾಪಿಸುವ ಉಪಕರಣವಾದ ಡಿಪಿಕೆಜಿಯನ್ನು ರೂಪಿಸಿತು, 1995ರಲ್ಲಿ ರೆಡ್ ಹ್ಯಾಟ್ ಕಂಪನಿಯಿಂದ ಅಂಥದೇ ಉಪಕರಣ ಆರ್‌ಪಿಎಂ ಬಂತು. ಇವು ಬಿಡಿಸಿದ್ದು ಒಂದು ಯಂತ್ರದ ಸಮಸ್ಯೆಯನ್ನು ಮಾತ್ರ.

ಹಲವು ಯಂತ್ರಗಳ ಸಮಸ್ಯೆಗೆ ಕೈಹಾಕಿದವರು ಓಸ್ಲೋ ವಿಶ್ವವಿದ್ಯಾಲಯದಲ್ಲಿದ್ದ ಭೌತವಿಜ್ಞಾನಿ ಮಾರ್ಕ್ ಬರ್ಜೆಸ್. ಅವರು 1993ರಲ್ಲಿ ಬರೆದ ಸಿಎಫ್‌ಇಂಜಿನ್, ಯಂತ್ರ ಹೇಗಿರಬೇಕೆಂದು ಒಂದು ಕಡತದಲ್ಲಿ ಒಮ್ಮೆ ಬರೆದಿಟ್ಟರೆ ವ್ಯತ್ಯಾಸ ಕಂಡಲ್ಲಿ ಮಾತ್ರ ಸರಿಪಡಿಸುತ್ತಿತ್ತು. 2005ರ ಪಪೆಟ್ ಮತ್ತು 2012ರ ಆನ್ಸಿಬಲ್ ಅದೇ ದಾರಿಯಲ್ಲಿ ನಡೆದವು. ಎರಡನೆಯದಕ್ಕೆ ಸರ್ವರಿನಲ್ಲಿ ಸದಾ ಓಡುವ ಪ್ರತ್ಯೇಕ ಸಹಾಯಕ ತಂತ್ರಾಂಶ (ಏಜೆಂಟ್) ಬೇಡ, ದೂರದಿಂದ ಸುರಕ್ಷಿತವಾಗಿ ಪ್ರವೇಶಿಸುವ ಎಸ್‌ಎಸ್‌ಎಚ್ ಮತ್ತು ಪೈಥಾನ್ ಭಾಷೆ ಇದ್ದರೆ ಸಾಕು. ಕಾಸರಗೋಡಿನ ಸಣ್ಣ ಕಚೇರಿಯೊಂದರ ಎರಡು ಸರ್ವರುಗಳಿಗೂ ಇದೆಲ್ಲ ಬೇಕೇ ಎಂದು ಕೇಳಿದರೆ, ಬೇಕೆಂದೇ ನನ್ನ ಅಭಿಪ್ರಾಯ: ನೋಡಿಕೊಳ್ಳುತ್ತಿದ್ದ ಹುಡುಗ ಗಲ್ಫಿಗೆ ಹೋದ ಮೇಲೆ ಉಳಿಯುವ ದಾಖಲೆ ಆ ಕಡತವೊಂದೇ.

ತೊಡಕು ಇರುವುದು ಕಡತದಲ್ಲಿ ಬರೆಯುವ ಒಂದು ಪದದಲ್ಲಿ. ‘ಪ್ರೆಸೆಂಟ್’ ಎಂದು ಬರೆದರೆ ಪ್ಯಾಕೇಜ್ ಇದ್ದರಾಯಿತು, ಎಷ್ಟೇ ಹಳೆಯದಾದರೂ ಉಪಕರಣ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಹೋದ ವರ್ಷದ ಸರ್ವರಿಗೂ ನಿನ್ನೆಯ ಸರ್ವರಿಗೂ ಕಡತ ಒಂದೇ ಆದರೂ ಒಳಗಿನ ತಂತ್ರಾಂಶ ಬೇರೆಯಾಗಬಹುದು. ‘ಲೇಟೆಸ್ಟ್’ ಎಂದು ಬರೆದರೆ, ಪ್ಯಾಕೇಜುಗಳ ಭಂಡಾರಕ್ಕೆ ಹೊಸ ಆವೃತ್ತಿ ಬಂದ ಮೇಲೆ ಉಪಕರಣ ಮುಂದಿನ ಸಲ ಓಡಿದಾಗ, ಯಾರೂ ಕೇಳದಿದ್ದರೂ ಡೇಟಾಬೇಸ್ ತಂತ್ರಾಂಶವೇ ಬದಲಾಗಿಬಿಡುತ್ತದೆ. ಇಷ್ಟು ಸಾಲದೆಂಬಂತೆ, ಕೈಯಿಂದ ತಿದ್ದಿದ ಸಂರಚನಾ ಕಡತ (ತಂತ್ರಾಂಶದ ಸೆಟ್ಟಿಂಗುಗಳಿರುವ ಕಡತ) ಹೊಸ ಪ್ಯಾಕೇಜಿನಲ್ಲೂ ಬದಲಾಗಿದ್ದರೆ ಡಿಪಿಕೆಜಿ ಹಳೆಯದನ್ನು ಉಳಿಸಲೇ, ಹೊಸದನ್ನು ಹಾಕಲೇ ಎಂದು ಕೇಳಿ ಕಾಯುತ್ತದೆ. ನಡುರಾತ್ರಿಯ ಸ್ವಯಂಚಾಲಿತ ಕೆಲಸದಲ್ಲಿ ಉತ್ತರ ಕೊಡಲು ಯಾರಿರುತ್ತಾರೆ? ಆದ್ದರಿಂದ ಉತ್ತರವನ್ನೂ ಮೊದಲೇ ಬರೆದಿಡುವ ಪದ್ಧತಿ ಬಂತು.

ಆವೃತ್ತಿಯ ಪ್ರಶ್ನೆ ಎಷ್ಟು ಸೂಕ್ಷ್ಮವೆಂದು 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷ ತೋರಿಸಿತು. ಅದು ಇದ್ದದ್ದು ಓಪನ್‌ಎಸ್‌ಎಸ್‌ಎಲ್‌ನಲ್ಲಿ, ಅಂದರೆ ಜಾಲಸಂಪರ್ಕವನ್ನು ಗೂಢಲಿಪಿಗೊಳಿಸಲು ಇತರ ತಂತ್ರಾಂಶಗಳು ಬಳಸುವ ಲೈಬ್ರರಿಯಲ್ಲಿ (ಹಂಚಿಕೊಂಡ ಸಂಕೇತದಲ್ಲಿ). ಅದರ ತಂಡ ದೋಷವನ್ನು 1.0.1ಜಿ ಆವೃತ್ತಿಯಲ್ಲಿ ಸರಿಪಡಿಸಿತು. ಡೆಬಿಯನ್ ಮಾತ್ರ ತನ್ನ ಸ್ಥಿರ ಬಿಡುಗಡೆಯಲ್ಲಿದ್ದ 1.0.1ಇ ಸಂಖ್ಯೆಯನ್ನು ಬದಲಿಸದೆ, ತಿದ್ದುಪಡಿಯನ್ನಷ್ಟೇ ಸೇರಿಸಿ, ಕೊನೆಯ ಬಾಲಂಗೋಚಿ ಅಂಕಿಯನ್ನು ಹೆಚ್ಚಿಸಿತು. ಮೊದಲ ಭಾಗದ ಸಂಖ್ಯೆಯನ್ನಷ್ಟೇ ನೋಡಿದವರಿಗೆ ಸುರಕ್ಷಿತ ಸರ್ವರೂ ಅಪಾಯದಲ್ಲಿದ್ದಂತೆ ಕಂಡಿತು. ಇನ್ನೊಂದೆಡೆ, ಹೊಸ ಪ್ಯಾಕೇಜ್ ಡಿಸ್ಕಿಗೆ ಬಂದರೂ, ಓಡುತ್ತಿದ್ದ ವೆಬ್ ಸರ್ವರ್ ಹಳೆಯ ಲೈಬ್ರರಿಯನ್ನೇ ಮೆಮೊರಿಯಲ್ಲಿ ಹಿಡಿದುಕೊಂಡಿರುತ್ತಿತ್ತು. ಪ್ಯಾಕೇಜ್ ಬದಲಾದ ಕೂಡಲೇ ಅದನ್ನು ಅವಲಂಬಿಸಿದ ಸೇವೆಯನ್ನು ಮರುಪ್ರಾರಂಭಿಸುವ ಸೌಲಭ್ಯ ಪಪೆಟ್‌ನಲ್ಲೂ ಆನ್ಸಿಬಲ್‌ನಲ್ಲೂ ಆಗಲೇ ಇತ್ತಾದರೂ, ಯಾವ ಸೇವೆ ಯಾವ ಲೈಬ್ರರಿಯನ್ನು ನೆಚ್ಚಿದೆ ಎಂಬುದನ್ನು ಬರೆದು ತಿಳಿಸಬೇಕಾದವರು ನಿರ್ವಾಹಕರೇ ಆಗಿದ್ದರು.