ಮೊದಲು ದುರಸ್ತಿ ಕಲಿಯಲೇ?

ಪ್ರಶ್ನೆ: ಪೀಠೋಪಕರಣ ಮಾಡುವುದನ್ನೇ ವೃತ್ತಿ ಮಾಡಿಕೊಳ್ಳಬೇಕೆಂದಿದ್ದೇನೆ. ಹಳೆಯದರ ದುರಸ್ತಿ ಸುಲಭವಲ್ಲವೇ? ಅದನ್ನು ಮೊದಲು ಕಲಿತು, ಆಮೇಲೆ ಹೊಸದಕ್ಕೆ ಕೈಹಾಕಬಹುದೇ? ಎಷ್ಟು ಕಾಲ ಹಿಡಿಯುತ್ತದೆ?

ಕಾಲದ ಮಾತು ಬೇಗ ಮುಗಿಸುತ್ತೇನೆ. ಪೂರ್ಣಾವಧಿ ಕಲಿಕೆಗೆ ಒಂದೆರಡು ವರ್ಷ, ಆಮೇಲೆ ಬಲ್ಲವರ ಕೈಕೆಳಗೆ ಇನ್ನೂ ಕೆಲವು ವರ್ಷ. ಮೂರು ತಿಂಗಳಲ್ಲಿ ಎಲ್ಲ ಕಲಿಸುತ್ತೇವೆ ಎನ್ನುವವರಿಗೆ ದುಡ್ಡು ಕಟ್ಟಬೇಡಿ.

ಇನ್ನು ದುರಸ್ತಿ ಸುಲಭ ಎಂಬ ನಂಬಿಕೆ. ಎಷ್ಟು ಸಲ ಹೇಳಿದರೂ ಇದು ಸಾಯುವ ಲಕ್ಷಣವಿಲ್ಲ. ಹಳೆ ಮೇಜನ್ನು ಮಷೀನಿನಲ್ಲಿ ಉಜ್ಜಿ ಮೇಲೆ ವಾರ್ನಿಷ್ ಬಳಿಯುವುದು ಸುಲಭವೇ, ಆದರೆ ಅದು ದುರಸ್ತಿಯಲ್ಲ. ಮೇಲಿನ ಪದರ ವೆನೀರ್, ಅಂದರೆ ಮೇಲೆ ಅಂಟಿಸಿದ ತೆಳು ಮರದ ಹಾಳೆ ಆಗಿದ್ದರೆ, ಸಾಮಾನ್ಯವಾಗಿ ಒಂದು ಮಿಲಿಮೀಟರ್‌ಗಿಂತ ತೆಳುವಾದ ಅದು ಎರಡು ನಿಮಿಷದಲ್ಲಿ ತೂತಾಗುತ್ತದೆ. ಹಳೆಯ ಪಾಲಿಶ್ ಅರಗಿನದೇ ಎಂದು ತಿಳಿಯಲು ಕಾಣದ ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ ಹಚ್ಚಿ ನೋಡಬೇಕು. ಅರಗಾದರೆ ಮೆತ್ತಗಾಗಿ ಅಂಟುತ್ತದೆ. ಕಾಲು ಅಲ್ಲಾಡುವ ಕುರ್ಚಿಗೆ ಪ್ರಾಣಿಜನ್ಯ ಅಂಟು ಹಾಕಿದ್ದರೆ ಬಿಸಿ ಮತ್ತು ತೇವ ಕೊಟ್ಟು ಮರ ಮುರಿಯದೆ ಬಿಚ್ಚಬಹುದು. ನಡುವೆ ಯಾರೋ ಪುಣ್ಯಾತ್ಮರು ಬಿಳಿ ಅಂಟು ಸುರಿದು ಮೊಳೆ ಹೊಡೆದಿದ್ದರೆ? ಒಣಗಿದ ಆ ಅಂಟಿನ ಮೇಲೆ ಹೊಸ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅದನ್ನು ಕೆರೆದು ತೆಗೆಯುವುದೇ ಅಸಲು ಕೆಲಸಕ್ಕಿಂತ ದೊಡ್ಡದಾಗುತ್ತದೆ.

ಹೊಸದು ಮಾಡುವವನು ಮರ, ಅಂಟು, ಜೋಡಣೆ ಎಲ್ಲವನ್ನೂ ತಾನೇ ಆರಿಸುತ್ತಾನೆ. ದುರಸ್ತಿಯವನು ಎಂದೋ ತೀರಿಹೋದವನ ಆಯ್ಕೆಯನ್ನು ಊಹಿಸಬೇಕು. ಮೇಜಿನ ಹಲಗೆ ಸೀಳಿದ್ದನ್ನು ಪುಟ್ಟಿ ತುಂಬಿ ಮುಚ್ಚಿದರೆ ಮತ್ತೆ ಸೀಳುತ್ತದೆ. ಗಾಳಿಯ ತೇವ ಏರಿಳಿದಂತೆ ಮರ ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ, ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಹಲಗೆಯನ್ನು ಎರಡೂ ಬದಿಗೆ ಬಿಗಿದು ಕಟ್ಟಿದ್ದೇ ಸೀಳಿಗೆ ಕಾರಣ. ಒಂದು ಮೇಜನ್ನು ನೀವೇ ಮಾಡಿ, ಅದು ಋತುವಿನಿಂದ ಋತುವಿಗೆ ಅಲುಗುವುದನ್ನು ಕಂಡಿದ್ದರೆ ಇದು ಕಣ್ಣಿಗೆ ಬೀಳುತ್ತದೆ. ಆದ್ದರಿಂದ ತಯಾರಿಕೆ ಮೊದಲು, ದುರಸ್ತಿ ಆಮೇಲೆ.

ಯಾವ ಮಷೀನು ಕೊಳ್ಳಲಿ ಎಂದು ಎಲ್ಲರೂ ಕೇಳುತ್ತಾರೆ. ಉಳಿ ಮಸೆಯುವುದು ಹೇಗೆಂದು ಒಬ್ಬರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಮೊದಲು ಹಿಂಬದಿಯನ್ನು ಚಪ್ಪಟೆ ಮಾಡಿ, ಆಮೇಲೆ ಮುಂದಿನ ಇಳಿಜಾರನ್ನು ಸುಮಾರು 25 ಡಿಗ್ರಿಗೆ ಮಸೆಯಿರಿ. ಪರೀಕ್ಷೆಗೆ ಪೈನ್‌ನಂಥ ಮೆದು ಮರದ ಅಡ್ಡಕೊಯ್ದ ತುದಿಯೇ ಬೇಕು. ಮೊಂಡು ಉಳಿ ಅಲ್ಲಿ ಎಳೆಗಳನ್ನು ಜಜ್ಜಿ ಕೀಳುತ್ತದೆ, ಹರಿತವಾದದ್ದು ಕೊಯ್ದ ಜಾಗ ಹೊಳೆಯುವಂತೆ ಮಾಡುತ್ತದೆ. ಕಲಿಯುವ ಜಾಗ ನೋಡಲು ಹೋದಾಗಲೂ ಅಲ್ಲಿನ ವಿದ್ಯಾರ್ಥಿಯೊಬ್ಬರ ಉಳಿ ಕೇಳಿ ಪಡೆದು ಹೀಗೇ ನೋಡಿ. ಎಳೆ ಜಜ್ಜಿದರೆ ಇನ್ನೊಂದು ಜಾಗ ಹುಡುಕಿ.