ಮೂರು ಆಡಳಿತ, ಒಂದು ಸನ್ನದು: ನಿಜಲಿಂಗಪ್ಪನವರ ವಕೀಲಿಕೆಯ ದಿನಗಳು

ಚಿತ್ರದುರ್ಗದ ಹೊರವಲಯದ ಸೀಬಾರದ ಬಳಿ, ಹೆದ್ದಾರಿಯ ಪಕ್ಕದಲ್ಲೇ ಎಸ್. ನಿಜಲಿಂಗಪ್ಪನವರ ಸ್ಮಾರಕವಿದೆ. ಅವರು ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿ ಎಂಬುದನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. ಅದಕ್ಕೆ ಮೊದಲು ಅವರು ದುರ್ಗದಲ್ಲಿ ಕರಿಕೋಟು ತೊಟ್ಟು ವಕೀಲಿಕೆ ಮಾಡುತ್ತಿದ್ದರು, ಚಳವಳಿಗೆ ಇಳಿದ ತಪ್ಪಿಗೆ ವಕೀಲಿಕೆಯ ಪರವಾನಗಿಯಾದ ಸನ್ನದನ್ನೇ ಕಳೆದುಕೊಂಡರು ಎಂಬ ಸಂಗತಿ ಮಾತ್ರ ಜಿಲ್ಲೆಯಲ್ಲೇ ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಏಕೀಕರಣದ ವಿಷಯದಲ್ಲಿ ಅವರು ಹಿಡಿದ ಪಟ್ಟು ಅರ್ಥವಾಗಬೇಕಾದರೆ ಆ ವರ್ಷಗಳಿಗೇ ಹೋಗಬೇಕು.

ಅವರು ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ. ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆ ತಾಲ್ಲೂಕು ಆಗ ಮದರಾಸು ಪ್ರಾಂತ್ಯದಲ್ಲಿತ್ತು. (1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, ಕೊನೆಗೆ ವಿಜಯನಗರ ಜಿಲ್ಲೆಗೆ ಸೇರಿದ ಈ ತಾಲ್ಲೂಕಿಗೆ ಗಡಿ ಬದಲಾಗುವುದು ಇಂದಿಗೂ ಹೊಸದೇನಲ್ಲ.) ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗನಿಗೆ ಅಕ್ಷರ ಕಲಿಸಿದವರು ವೀರಪ್ಪ ಮಾಸ್ತರರೆಂಬ ಹಳೆಯ ಕಾಲದ ಗುರುಗಳು. ಮುಂದಿನ ಓದಿಗೆ ದಾವಣಗೆರೆಗೂ, ಹೈಸ್ಕೂಲಿಗೆ ಚಿತ್ರದುರ್ಗಕ್ಕೂ ಬಂದರೆ ಅದು ಮೈಸೂರು ಮಹಾರಾಜರ ಸೀಮೆ. 1924ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿ, 1926ರಲ್ಲಿ ಕಾನೂನು ಪದವಿ ಪಡೆದದ್ದು ಪುಣೆಯಲ್ಲಿ, ಅಂದರೆ ಮುಂಬಯಿ ಪ್ರಾಂತ್ಯದಲ್ಲಿ. ಇಪ್ಪತ್ತೈದು ತುಂಬುವ ಮೊದಲೇ ಮೂರು ಆಡಳಿತಗಳ ನೀರು ಕುಡಿದಿದ್ದ ಮನುಷ್ಯನಿಗೆ ಕನ್ನಡನಾಡು ಹರಿದು ಹಂಚಿಹೋಗಿದೆ ಎಂಬುದನ್ನು ಭಾಷಣ ಕೇಳಿ ತಿಳಿಯಬೇಕಾದ ಅಗತ್ಯವಿರಲಿಲ್ಲ.

ದುರ್ಗದಲ್ಲಿ ವಕೀಲಿಕೆ ನಡೆಸುತ್ತಲೇ ಅವರು ಕಾಂಗ್ರೆಸ್ಸಿನ ಸ್ವಯಂಸೇವಕರ ಪಡೆಯಾದ ಸೇವಾದಳ ಕಟ್ಟಿದ ನಾ.ಸು. ಹರ್ಡೀಕರರ ಒಡನಾಟಕ್ಕೆ ಬಂದರು. 1936ರ ಹೊತ್ತಿಗೆ ಕಾಂಗ್ರೆಸ್ ಸಂಘಟನೆಯ ಕೆಲಸದಲ್ಲಿ ಪೂರ್ತಿಯಾಗಿ ತೊಡಗಿಕೊಂಡಿದ್ದರು. ಮೈಸೂರಿನಲ್ಲಿ ಕಾಂಗ್ರೆಸ್ಸಿಗನಾಗುವುದು ಬ್ರಿಟಿಷ್ ಪ್ರಾಂತ್ಯದಲ್ಲಿದ್ದಷ್ಟು ಸರಳವಾಗಿರಲಿಲ್ಲ. ಎದುರಿಗಿದ್ದದ್ದು ಪರದೇಶಿ ಸರ್ಕಾರವಲ್ಲ, ಜನ ಗೌರವಿಸುತ್ತಿದ್ದ ಅರಸರ ಸರ್ಕಾರ. 1938ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹವೂ ಅದೇ ತಿಂಗಳು ವಿದುರಾಶ್ವತ್ಥದ ಗೋಲಿಬಾರೂ ನಡೆದ ಮೇಲೆ ಅರಸರ ಸರ್ಕಾರಕ್ಕೆ ಎದುರು ನಿಲ್ಲುವ ಹಿಂಜರಿಕೆ ಕಡಿಮೆಯಾಯಿತು.

ಮರುವರ್ಷ ಚಳವಳಿ ಚಿತ್ರದುರ್ಗ ತಾಲ್ಲೂಕಿನ ತುರುವನೂರಿಗೆ ಬಂತು. ಇಲ್ಲಿ ಹಾರಿಸಿದ್ದು ಬಾವುಟವಲ್ಲ, ಬೀಸಿದ್ದು ಕೊಡಲಿ. ಹಳ್ಳಗಳ ಅಂಚಿನಲ್ಲಿ ತಾನಾಗಿ ಬೆಳೆಯುವ ಈಚಲು ಮರದಿಂದ ಹೆಂಡ ಇಳಿಸಲಾಗುತ್ತಿತ್ತು, ಹೆಂಡದ ಗುತ್ತಿಗೆಯಿಂದ ಸರ್ಕಾರದ ಬೊಕ್ಕಸಕ್ಕೆ ಹಣ ಬರುತ್ತಿತ್ತು. ಹಾಗಾಗಿ ಒಂದು ಈಚಲು ಮರ ಉರುಳಿದರೆ ಅರಣ್ಯದ ಕಾನೂನು ಮುರಿದಂತೆಯೂ ಆಗುತ್ತಿತ್ತು, ಅಬಕಾರಿ ಆದಾಯಕ್ಕೆ ಪೆಟ್ಟು ಕೊಟ್ಟಂತೆಯೂ ಆಗುತ್ತಿತ್ತು, ಗಾಂಧೀಜಿಯವರ ಪಾನನಿರೋಧವನ್ನು ಪಾಲಿಸಿದಂತೆಯೂ ಆಗುತ್ತಿತ್ತು. ಹೆಂಡದಂಗಡಿಗೆ ಕೂಲಿ ಸುರಿದು ಬರುವ ಗಂಡಸರಿದ್ದ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಈ ಆಯ್ಕೆಯ ಜಾಣ್ಮೆಯಲ್ಲಿ ನನಗಂತೂ ವಕೀಲನ ಬುದ್ಧಿಯೇ ಕಾಣುತ್ತದೆ. ಸತ್ಯಾಗ್ರಹದ ಮುಂದಾಳಾಗಿದ್ದ ನಿಜಲಿಂಗಪ್ಪನವರು ಜೈಲು ಸೇರಿದರು, ವಕೀಲಿಕೆಯ ಸನ್ನದು ರದ್ದಾಯಿತು. ಹೊಟ್ಟೆಪಾಡಿನ ದಾರಿ ಮುಚ್ಚಿದ ಮೇಲೆ ರಾಜಕೀಯ ಅವರಿಗೆ ಬಿಡುವಿನ ಕೆಲಸವಾಗಿ ಉಳಿಯಲಿಲ್ಲ.

ದುರ್ಗದ ಈ ವಕೀಲರು ಸಂವಿಧಾನ ರಚನಾ ಸಭೆಗೆ ಹೋದದ್ದು ಮೈಸೂರಿನ ಪ್ರತಿನಿಧಿಯಾಗಿ ಅಲ್ಲ, ಮುಂಬಯಿ ಪ್ರಾಂತ್ಯದ ಸದಸ್ಯರಾಗಿ. ಉತ್ತರ ಕರ್ನಾಟಕದ ಕಾಂಗ್ರೆಸ್ಸಿನಲ್ಲಿ ಅವರಿಗಿದ್ದ ನೆಲೆ ಎಂಥದೆಂಬುದಕ್ಕೆ ಇದೊಂದೇ ಸಾಕು. 1952ರಲ್ಲಿ ಚಿತ್ರದುರ್ಗದಿಂದ ಮೊದಲ ಲೋಕಸಭೆಗೆ ಆಯ್ಕೆಯಾದರು. ಮರುವರ್ಷ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದವು; ಅವರ ಹುಟ್ಟೂರು ಅವರ ರಾಜ್ಯಕ್ಕೆ ಬಂದದ್ದು ಆಗ, ಅವರಿಗೆ ಐವತ್ತು ದಾಟಿದ ಮೇಲೆ. 1956ರ ನವೆಂಬರ್ 1ರಂದು ಮುಖ್ಯಮಂತ್ರಿಯಾದರು.

1962ರ ಚುನಾವಣೆಯಲ್ಲಿ ಅವರನ್ನು ಸೋಲಿಸಿದ್ದು ಇದೇ ಜಿಲ್ಲೆಯ ಹೊಸದುರ್ಗ. ಎಸ್.ಆರ್. ಕಂಠಿಯವರು ಕೆಲವು ತಿಂಗಳು ಮುಖ್ಯಮಂತ್ರಿಯಾಗಿದ್ದು ಜಾಗ ಬಿಟ್ಟುಕೊಟ್ಟರು. ಅಷ್ಟರೊಳಗೆ ಉಪಚುನಾವಣೆಯಲ್ಲಿ ನಿಜಲಿಂಗಪ್ಪನವರನ್ನು ಗೆಲ್ಲಿಸಿ ವಿಧಾನಸಭೆಗೆ ಕಳಿಸಿದ್ದು, ಆರು ವರ್ಷಗಳ ಹಿಂದಿನವರೆಗೂ ಮುಂಬಯಿ ರಾಜ್ಯದಲ್ಲಿದ್ದ ಬಾಗಲಕೋಟೆ.